ತೈಲಬಾವಿಯ ಹಕ್ಕಳೆಯಲ್ಲಿ ಅಡಗಿದ ರೇಡಿಯಂ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಚ್ಚಾ ತೈಲವನ್ನು ಮೇಲೆತ್ತುವಾಗ ಅದರ ಜೊತೆಗೇ ನೆಲದಾಳದಿಂದ ಬರುವ ವಿಕಿರಣಶೀಲ ತ್ಯಾಜ್ಯದ ಬಗ್ಗೆ ಬಂದಿರುವ ಪತ್ರಗಳನ್ನು ಈ ಬಾರಿ ಒಟ್ಟಿಗೆ ಕೈಗೆತ್ತಿಕೊಂಡಿದ್ದೇನೆ. ಬರೆದವರಲ್ಲಿ ಹೆಚ್ಚಿನವರು ತೈಲಕ್ಷೇತ್ರಗಳಲ್ಲಿ ದುಡಿಯುವವರು ಇಲ್ಲವೇ ಅವರ ಮನೆಯವರು. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಒಂದಾಗಿಸಿದ್ದೇನೆ. ಬರೆದವರ ಹೆಸರನ್ನು ಎಲ್ಲಿಯೂ ಕೊಟ್ಟಿಲ್ಲ.

ಪ್ರಶ್ನೆ: ಈ ತ್ಯಾಜ್ಯವನ್ನು ‘ನಾರ್ಮ್’ ಎನ್ನುತ್ತಾರೆ, ಹಾಗೆಂದರೆ ನಿಸರ್ಗದಲ್ಲೇ ಇರುವ ವಿಕಿರಣಶೀಲ ವಸ್ತು ಎಂದು ಓದಿದ್ದೇನೆ. ಬಾಳೆಹಣ್ಣಿನಲ್ಲಿಯೂ ವಿಕಿರಣಶೀಲ ಪೊಟ್ಯಾಸಿಯಂ ಇದೆಯಂತೆ. ನಿಸರ್ಗವೇ ಕೊಟ್ಟದ್ದಾದರೆ ಹೆದರುವುದು ಏಕೆ?

ಉತ್ತರ: ‘ನಿಸರ್ಗದಲ್ಲೇ ಇರುವ’ ಎಂಬ ಮಾತು ಸುಳ್ಳಲ್ಲ, ಆದರೆ ಅದು ಈ ವಿಷಯದಲ್ಲಿ ಮಾಡಿರುವಷ್ಟು ಹಾನಿಯನ್ನು ಬೇರೆ ಯಾವ ಮಾತೂ ಮಾಡಿಲ್ಲ ಎಂದು ನನಗೆ ಅನ್ನಿಸುತ್ತದೆ. ಭೂಮಿಯ ಎಲ್ಲ ಬಂಡೆಗಳಲ್ಲಿಯೂ ಯುರೇನಿಯಂ ಮತ್ತು ಥೋರಿಯಂ ಅಲ್ಪಸ್ವಲ್ಪ ಇದ್ದೇ ಇವೆ. ತೈಲ ಸಿಗುವ ಆಳದಲ್ಲಿ ಇವೆರಡೂ ಬಹುಮಟ್ಟಿಗೆ ಬಂಡೆಯಲ್ಲಿಯೇ ಉಳಿದುಬಿಡುತ್ತವೆ. ಆದರೆ ಅವು ಕ್ಷಯಿಸುತ್ತಾ ಹೋದಂತೆ ಹುಟ್ಟುವ ರೇಡಿಯಂ ಹಾಗಲ್ಲ. ಅದು ತೈಲದ ಜೊತೆಗಿರುವ, ಸಮುದ್ರದ ನೀರಿಗಿಂತಲೂ ಎಷ್ಟೋ ಪಾಲು ಉಪ್ಪಾಗಿರಬಹುದಾದ ಪುರಾತನ ನೀರಿನಲ್ಲಿ ಕರಗುತ್ತದೆ. ತೈಲವನ್ನು ಎಳೆದಾಗ ಈ ನೀರೂ ಮೇಲೆ ಬರುತ್ತದೆ. ಹಳೆಯ ಬಾವಿಗಳಲ್ಲಿ ತೈಲಕ್ಕಿಂತ ನೀರೇ ಹಲವು ಪಟ್ಟು ಹೆಚ್ಚು ಬರುವುದುಂಟು.

ಬಾವಿಯ ತಳದಲ್ಲಿ ಒತ್ತಡವೂ ಬಿಸಿಯೂ ಹೆಚ್ಚು, ಮೇಲೆ ಬಂದಂತೆ ಎರಡೂ ಇಳಿಯುತ್ತವೆ, ಆಗ ಕರಗಿದ್ದ ಖನಿಜಗಳು ಪೈಪಿನ ಒಳಮೈಗೆ ಅಂಟಿಕೊಳ್ಳುತ್ತವೆ. ತೈಲವನ್ನು ತಳ್ಳಲು ಸಮುದ್ರದ ನೀರನ್ನು ಬಾವಿಗೆ ಒತ್ತುವ ಕಡೆಗಳಲ್ಲಿ ಇದು ಇನ್ನೂ ಬೇಗ ಆಗುತ್ತದೆ, ಏಕೆಂದರೆ ಆಳದ ನೀರಿನಲ್ಲಿರುವ ಬೇರಿಯಂ, ಸಮುದ್ರದ ನೀರಿನಲ್ಲಿರುವ ಸಲ್ಫೇಟನ್ನು ಸೇರಿದ ಕೂಡಲೇ ಬೇರಿಯಂ ಸಲ್ಫೇಟ್ ಆಗಿ ಗಟ್ಟಿಕಟ್ಟುತ್ತದೆ. ರಾಸಾಯನಿಕ ಗುಣದಲ್ಲಿ ರೇಡಿಯಂ, ಬೇರಿಯಂನ ಒಡಹುಟ್ಟು ಇದ್ದ ಹಾಗೆ. ಬೇರಿಯಂ ಗಟ್ಟಿಯಾಗುವಾಗ ಅದೂ ಜೊತೆಗೇ ಹರಳಿನೊಳಗೆ ಸೇರಿಕೊಂಡುಬಿಡುತ್ತದೆ. ಹೀಗೆ ವರ್ಷಗಟ್ಟಲೆ ಕಟ್ಟಿದ ಪೊರೆಯನ್ನು ಕೆಲಸದವರು ‘ಸ್ಕೇಲ್’ ಎನ್ನುತ್ತಾರೆ. ನಾನು ಹಕ್ಕಳೆ ಎನ್ನುತ್ತೇನೆ. ಟ್ಯಾಂಕುಗಳ ತಳದಲ್ಲಿ ಇಳಿಯುವ ಎಣ್ಣೆ ಬೆರೆತ ಕೆಸರು ‘ಸ್ಲಡ್ಜ್’. ಮೇಲೆ ಬರುವ ಉಪ್ಪುನೀರು ‘ಪ್ರೊಡ್ಯೂಸ್ಡ್ ವಾಟರ್’.

ಎಂದರೆ ಇಲ್ಲಿ ನಿಸರ್ಗ ಚೆಲ್ಲಾಪಿಲ್ಲಿಯಾಗಿ ಇಟ್ಟದ್ದನ್ನು ನಮ್ಮ ಕೆಲಸವೇ ಒಂದೆಡೆ ಗುಡ್ಡೆ ಹಾಕಿದೆ. ಸಾಧಾರಣ ಮಣ್ಣಿನ ಒಂದು ಗ್ರಾಂನಲ್ಲಿ ರೇಡಿಯಂ-226ರ ಚಟುವಟಿಕೆ ಸುಮಾರು 0.03ರಿಂದ 0.04 ಬೆಕ್ವೆರಲ್ ಇರುತ್ತದೆ (ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ ಅದು ಒಂದು ಬೆಕ್ವೆರಲ್). ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುವ ಸರಾಸರಿಯನ್ನು ಹಿಡಿದರೆ ಹಕ್ಕಳೆಯಲ್ಲಿ ರೇಡಿಯಂ ಗ್ರಾಂಗೆ ಸುಮಾರು 18 ಬೆಕ್ವೆರಲ್, ಅಂದರೆ ಮಣ್ಣಿನದ್ದಕ್ಕಿಂತ ಸುಮಾರು 500 ಪಟ್ಟು. ಇದು ಸರಾಸರಿ ಮಾತ್ರ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ದಾಖಲೆಗಳಲ್ಲಿ ಗ್ರಾಂಗೆ 15,000 ಬೆಕ್ವೆರಲ್‌ವರೆಗೆ ತಲುಪಿದ ಹಕ್ಕಳೆಯ ಲೆಕ್ಕವೂ ಇದೆ.

ಬಾಳೆಹಣ್ಣಿನ ಹೋಲಿಕೆ ಇಲ್ಲಿ ಸಲ್ಲುವುದಿಲ್ಲ. ಪೊಟ್ಯಾಸಿಯಂ ಎಷ್ಟಿರಬೇಕೋ ಅಷ್ಟನ್ನೇ ದೇಹ ಇಟ್ಟುಕೊಂಡು ಉಳಿದದ್ದನ್ನು ಹೊರಹಾಕುತ್ತದೆ. ಎಷ್ಟು ಹಣ್ಣು ತಿಂದರೂ ಒಳಗಿರುವ ಪ್ರಮಾಣ ಹೆಚ್ಚು ಕಡಿಮೆ ಅಷ್ಟೇ. ರೇಡಿಯಂ ಅನ್ನು ಮಾತ್ರ ದೇಹ ಕ್ಯಾಲ್ಸಿಯಂ ಎಂದು ಭ್ರಮಿಸಿ ಮೂಳೆಯಲ್ಲಿ ಕೂರಿಸುತ್ತದೆ. ಅಲ್ಲಿ ಕುಳಿತ ರೇಡಿಯಂ-226ರ ಅರ್ಧಾಯುಷ್ಯ, ಅಂದರೆ ಅದರಲ್ಲಿ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ, 1600 ವರ್ಷ.

ಪ್ರಶ್ನೆ: ಗುತ್ತಿಗೆದಾರರ ಕೈಕೆಳಗೆ ಟ್ಯಾಂಕು ಮತ್ತು ಸೆಪರೇಟರ್‌ಗಳ (ತೈಲ, ನೀರು, ಅನಿಲಗಳನ್ನು ಬೇರ್ಪಡಿಸುವ ಪಾತ್ರೆಗಳ) ಒಳಗಿನ ಕೆಸರು ತೆಗೆಯುವುದು, ಹಳೆಯ ಟ್ಯೂಬಿಂಗ್ ಪೈಪುಗಳ ಪೊರೆ ಕೆರೆಯುವುದು ನನ್ನ ಕೆಲಸ. ಆರು ವರ್ಷವಾಯಿತು. ‘ಇದರಲ್ಲಿ ಸ್ವಲ್ಪ ವಿಕಿರಣ ಇದೆ, ಏನೂ ಆಗುವುದಿಲ್ಲ’ ಎಂದು ಮೇಲ್ವಿಚಾರಕರು ಹೇಳುತ್ತಾರೆ. ನಿಜವಾಗಿ ಅಪಾಯ ಎಷ್ಟು?

ಉತ್ತರ: ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಈ ಉದ್ಯಮದಲ್ಲಿ ವಿಕಿರಣದ ಪಾಲು ಅತಿ ಹೆಚ್ಚಾಗಿ ಬೀಳುವುದು ನೀವು ಮಾಡುತ್ತಿರುವ ಕೆಲಸವನ್ನು ಮಾಡುವವರ ಮೇಲೆಯೇ, ಹಾಗಾಗಿ ನಿಮಗೆ ಸ್ವಲ್ಪ ವಿವರವಾಗಿ ಉತ್ತರಿಸಬೇಕು.

ಉದ್ದಕ್ಕೆ ಸೀಳಿದ ಟ್ಯೂಬಿಂಗ್ ತುಂಡೊಂದನ್ನು ನಾನು ಕೈಗವಸು ಹಾಕಿಕೊಂಡು ಹಿಡಿದು ನೋಡಿದ್ದೇನೆ. ಹೊರಗಿನಿಂದ ಅದು ತುಕ್ಕು ಹಿಡಿದ ಸಾಮಾನ್ಯ ಪೈಪು. ಒಳಗೆ ಮಾತ್ರ, ಮರದ ಕಾಂಡದಲ್ಲಿ ವರ್ಷದ ಉಂಗುರಗಳಿರುವಂತೆ, ಬೂದು, ಕಂದು, ಮತ್ತೆ ಬೂದು ಬಣ್ಣದ ಪದರಗಳು. ಹೆಬ್ಬೆರಳು ಹೋಗುವಷ್ಟೇ ದಾರಿ ಉಳಿದಿತ್ತು. ಮೈ ಕಲ್ಲಿನಂತೆ ಗಟ್ಟಿ. ಉಗುರಿನಿಂದ ಕೆರೆದರೆ ಏನೂ ಬರಲಿಲ್ಲ, ಆದರೆ ಸುತ್ತಿಗೆಯಿಂದ ಒಮ್ಮೆ ತಟ್ಟಿದಾಗ ಚಕ್ಕೆಗಳು ಉದುರಿದವು, ಅವುಗಳ ಹಿಂದೆಯೇ ಸೀಮೆಸುಣ್ಣ ಒರೆಸಿದಾಗ ಏಳುವಂತಹ ನವಿರಾದ ದೂಳು ಎದ್ದಿತು. ಅಪಾಯ ಇರುವುದು ಬಹುಪಾಲು ಆ ದೂಳಿನಲ್ಲಿ.

ವಿಕಿರಣ ನಿಮ್ಮನ್ನು ಎರಡು ರೀತಿಯಲ್ಲಿ ತಲುಪುತ್ತದೆ. ಮೊದಲನೆಯದು ಹೊರಗಿನಿಂದ ಬರುವ ಗಾಮಾ ಕಿರಣ, ಅದು ಉಕ್ಕಿನ ಗೋಡೆಯನ್ನೂ ದಾಟಿ ಬರುತ್ತದೆ. ಇದನ್ನು ಮೀಟರಿನಲ್ಲಿ ಅಳೆದು ಲೆಕ್ಕ ಹಾಕಬಹುದು. ದೇಹಕ್ಕೆ ತಗಲುವ ವಿಕಿರಣದ ಡೋಸನ್ನು ಸೀವರ್ಟ್‌ನಲ್ಲಿ ಅಳೆಯುತ್ತಾರೆ; ಮಿಲಿಸೀವರ್ಟ್ ಅದರ ಸಾವಿರದಲ್ಲೊಂದು ಪಾಲು, ಮೈಕ್ರೊಸೀವರ್ಟ್ ಹತ್ತು ಲಕ್ಷದಲ್ಲೊಂದು ಪಾಲು. ಪೈಪಿನ ಪಕ್ಕದಲ್ಲಿ ಗಂಟೆಗೆ 5 ಮೈಕ್ರೊಸೀವರ್ಟ್ ಇದೆ ಎಂದಿಟ್ಟುಕೊಳ್ಳಿ. ಅಲ್ಲಿ 200 ಗಂಟೆ ನಿಂತರೆ 1 ಮಿಲಿಸೀವರ್ಟ್ ಆಯಿತು. ಸಾರ್ವಜನಿಕರಿಗೆ ಒಂದು ವರ್ಷಕ್ಕೆ ಇರುವ ಅಂತರರಾಷ್ಟ್ರೀಯ ಮಿತಿಯೇ ಅಷ್ಟು. ವಿಕಿರಣ ಕಾರ್ಮಿಕರೆಂದು ನೋಂದಾಯಿಸಿ, ತರಬೇತಿ ಕೊಟ್ಟು, ಡೋಸ್ ದಾಖಲೆ ಇಟ್ಟಿರುವವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್‌ವರೆಗೆ ಅವಕಾಶವಿದೆ. ನಿಮ್ಮನ್ನು ಈ ಎರಡರಲ್ಲಿ ಯಾವ ಗುಂಪಿಗೆ ಸೇರಿಸಿದ್ದಾರೆ ಎಂಬುದನ್ನು ಮೇಲ್ವಿಚಾರಕರ ಬಳಿ ಕೇಳಿ. ಯಾವುದಕ್ಕೂ ಸೇರಿಸದೆ ಆರು ವರ್ಷ ಕೆಲಸ ಮಾಡಿಸಿದ್ದರೆ ಅದೇ ದೊಡ್ಡ ಲೋಪ.

ಎರಡನೆಯದು, ದೂಳು ಮೂಗು ಬಾಯಿಗಳ ಮೂಲಕ ಒಳಗೆ ಹೋಗುವುದು. ರೇಡಿಯಂ ಮತ್ತು ಅದರ ಸಂತತಿಯಲ್ಲಿ ಹಲವು ಧಾತುಗಳು ಆಲ್ಫಾ ಕಣಗಳನ್ನು ಹೊರಸೂಸುತ್ತವೆ. ಹೊರಗಿದ್ದರೆ ಆಲ್ಫಾ ಕಣವನ್ನು ಒಂದು ಹಾಳೆ ಕಾಗದ ತಡೆಯುತ್ತದೆ, ಚರ್ಮದ ಮೇಲಿನ ಸತ್ತ ಪದರವೂ ತಡೆಯುತ್ತದೆ. ಶ್ವಾಸಕೋಶದ ಒಳಮೈಯಲ್ಲಿ ಅಂತಹ ಸತ್ತ ಪದರವಿಲ್ಲ. ಅಲ್ಲಿ ಕುಳಿತ ಕಣ ತನ್ನ ಶಕ್ತಿಯನ್ನೆಲ್ಲ ಪಕ್ಕದ ಜೀವಕೋಶಗಳ ಮೇಲೆಯೇ ಸುರಿಯುತ್ತದೆ. ಬೇರಿಯಂ ಸಲ್ಫೇಟ್ ನೀರಿನಲ್ಲಿ ಕರಗುವುದು ತೀರ ಕಡಿಮೆ. ಇದರಿಂದ ಒಂದು ಅನುಕೂಲವಿದೆ: ನುಂಗಿದ ಹಕ್ಕಳೆಯ ದೂಳು ಬಹುಪಾಲು ಮಲದ ಜೊತೆ ಹೊರಗೆ ಹೋಗಿಬಿಡುತ್ತದೆ. ಆದರೆ ಕರಗದ ಅದೇ ಗುಣದಿಂದಾಗಿ ಉಸಿರಿನಲ್ಲಿ ಹೋದದ್ದು ಶ್ವಾಸಕೋಶದಲ್ಲಿ ಬಹುಕಾಲ ಉಳಿಯುತ್ತದೆ.

ಇದರ ಫಲ ಏನೆಂಬುದನ್ನು ವೈದ್ಯಕೀಯ ಜಗತ್ತು ಬಹಳ ಹಿಂದೆಯೇ ಕಂಡಿದೆ. ಕತ್ತಲಲ್ಲಿ ಹೊಳೆಯುವ ಗಡಿಯಾರಗಳಿಗೆ ರೇಡಿಯಂ ಬಣ್ಣ ಹಚ್ಚುತ್ತಿದ್ದ ಅಮೆರಿಕದ ತರುಣಿಯರು 1910 ಮತ್ತು 20ರ ದಶಕಗಳಲ್ಲಿ ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡಿಕೊಳ್ಳುತ್ತಿದ್ದರು. ಅವರಲ್ಲಿ ಹಲವರ ದವಡೆ ಕೊಳೆಯಿತು, ಮುಂದೆ ಮೂಳೆಯ ಕ್ಯಾನ್ಸರ್ ಮತ್ತು ಮುಖದ ಸೈನಸ್ ಕುಳಿಗಳ ಕ್ಯಾನ್ಸರ್ ಬಂತು. ರೇಡಿಯಂನಿಂದ ಹುಟ್ಟುವ ರೇಡಾನ್ ಅನಿಲ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಎಂಬುದು ಯುರೇನಿಯಂ ಗಣಿ ಕಾರ್ಮಿಕರಿಂದ ತಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ರೇಡಿಯಂ-226, ರೇಡಿಯಂ-228 ಮತ್ತು ರೇಡಾನ್ ಮೂರನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂದು ಖಚಿತವಾದ ಮೊದಲ ಗುಂಪಿನಲ್ಲಿ ಇಟ್ಟಿದೆ. ಆ ತರುಣಿಯರ ದೇಹ ಸೇರಿದಷ್ಟು ರೇಡಿಯಂ ನಿಮ್ಮ ದೇಹವನ್ನೂ ಸೇರಿದೆ ಎಂದು ನಾನು ಹೇಳುತ್ತಿಲ್ಲ. ದಾರಿಯೂ ಬೇರೆ: ಅವರು ನುಂಗಿದ ರೇಡಿಯಂ ಮೂಳೆ ಸೇರಿತು, ನಿಮ್ಮಲ್ಲಿ ಮುಖ್ಯವಾದದ್ದು ಉಸಿರಿನಲ್ಲಿ ಹೋಗಿ ಶ್ವಾಸಕೋಶದಲ್ಲಿ ಕೂರುವ ದೂಳು; ಪ್ರಮಾಣವನ್ನು ಕಡಿಮೆ ಇಡುವುದು ಮಾತ್ರ ನಮ್ಮ ಕೈಯಲ್ಲಿದೆ.

ಹಾಗಾದರೆ ಏನು ಮಾಡಬೇಕು? ಹಕ್ಕಳೆಯನ್ನು ಎಂದೂ ಒಣಗಿದ್ದಾಗ ಕೆರೆಯಬೇಡಿ. ನೀರು ಹಾಯಿಸಿ ಒದ್ದೆಯಾಗಿ ಇಟ್ಟುಕೊಂಡೇ ಕೆಲಸ ಮಾಡಿ. ಕಂಪ್ರೆಸರ್ ಗಾಳಿಯಿಂದ ದೂಳು ಊದಬೇಡಿ. ಗ್ರೈಂಡಿಂಗ್, ಗ್ಯಾಸ್ ಕಟಿಂಗ್, ವೆಲ್ಡಿಂಗ್ ಮೂರೂ ಹಕ್ಕಳೆಯನ್ನು ಉಸಿರಾಡುವಷ್ಟು ಸಣ್ಣ ಕಣಗಳಾಗಿ ಮಾಡುತ್ತವೆ, ಆದ್ದರಿಂದ ಮೊದಲು ಮೀಟರ್ ಹಿಡಿದು ನೋಡದೆ ಅವನ್ನು ಶುರು ಮಾಡಲೇಬಾರದು. ಬಟ್ಟೆಯ ಮಾಸ್ಕ್ ಇಲ್ಲಿ ಕೆಲಸಕ್ಕೆ ಬಾರದು. ಸೂಕ್ಷ್ಮ ದೂಳನ್ನು ತಡೆಯುವ ಫಿಲ್ಟರ್ ಇರುವ, ಮುಖಕ್ಕೆ ಬಿಗಿಯಾಗಿ ಕೂರುವ ರೆಸ್ಪಿರೇಟರ್ ಬೇಕು. ಗಡ್ಡ ಬಿಟ್ಟಿದ್ದರೆ ಅದು ಸರಿಯಾಗಿ ಕೂರುವುದಿಲ್ಲ. ಕೆಲಸದ ಜಾಗದಲ್ಲಿ ಊಟ, ನೀರು, ಬೀಡಿ ಸಿಗರೇಟು ಯಾವುದೂ ಕೂಡದು. ಕೈಯ ಗಾಯವನ್ನು ಮುಚ್ಚದೆ ಇಳಿಯಬೇಡಿ.

ಇನ್ನೊಂದು ಮಾತನ್ನು ಹೇಳದಿದ್ದರೆ ನಾನು ತಪ್ಪು ಮಾಡಿದಂತೆ. ಮುಚ್ಚಿದ ಟ್ಯಾಂಕಿನೊಳಗೆ ಹೈಡ್ರೋಜನ್ ಸಲ್ಫೈಡ್ ಅನಿಲ, ಆಮ್ಲಜನಕದ ಕೊರತೆ, ಬೆಂಜೀನ್ ಆವಿ ಇವೆಲ್ಲ ಇರುತ್ತವೆ. ವಿಕಿರಣ ದಶಕಗಳ ನಂತರ ಕಾಡಬಹುದು, ಹೈಡ್ರೋಜನ್ ಸಲ್ಫೈಡ್ ನಿಮಿಷಗಳಲ್ಲಿ ಕೊಲ್ಲುತ್ತದೆ. ದೂಳು ತಡೆಯುವ ರೆಸ್ಪಿರೇಟರ್ ಆ ಅನಿಲವನ್ನು ತಡೆಯುವುದಿಲ್ಲ. ಒಳಗಿನ ಗಾಳಿಯನ್ನು ಪರೀಕ್ಷಿಸದೆ, ಹೊರಗೆ ಕಾವಲಿಗೆ ಒಬ್ಬರು ನಿಲ್ಲದೆ, ಯಾರು ಹೇಳಿದರೂ ಟ್ಯಾಂಕಿಗೆ ಇಳಿಯಬೇಡಿ.

ಪ್ರಶ್ನೆ: ನನ್ನ ಯಜಮಾನರು ಇಂತಹದೇ ಕೆಲಸದಲ್ಲಿದ್ದಾರೆ. ಮೈತುಂಬ ಬೂದು ದೂಳು ಮೆತ್ತಿಕೊಂಡು ಮನೆಗೆ ಬರುತ್ತಾರೆ, ಆ ಬಟ್ಟೆಗಳನ್ನು ನಾನೇ ಒಗೆಯುತ್ತೇನೆ. ನನಗೀಗ ಐದು ತಿಂಗಳು. ಮಗುವಿಗೆ ತೊಂದರೆಯಾಗುತ್ತದೆಯೇ?

ಉತ್ತರ: ಅಮ್ಮಾ, ಮೊದಲು ಗಾಬರಿಯನ್ನು ಬಿಡಿ. ಬಟ್ಟೆಯ ಮೇಲಿನ ದೂಳಿನಿಂದ ಹೊರಗಿನ ಕಿರಣವಾಗಿ ನಿಮ್ಮ ಗರ್ಭಕ್ಕೆ ತಲುಪುವ ಡೋಸ್ ಅತ್ಯಲ್ಪ. ಆದರೆ ಒಣಗಿದ ಬಟ್ಟೆಯನ್ನು ಕೊಡವಿದಾಗ ಆ ದೂಳು ನಿಮ್ಮ ಉಸಿರಿಗೂ, ಅಡುಗೆಮನೆಗೂ, ನೆಲದ ಮೇಲೆ ಆಡುವ ಮಕ್ಕಳ ಕೈಗೂ ಬರುತ್ತದೆ, ಅದನ್ನು ತಪ್ಪಿಸಲೇಬೇಕು. ಕೆಲಸದ ಬಟ್ಟೆ ಮತ್ತು ಬೂಟು ಕೆಲಸದ ಜಾಗದಲ್ಲಿಯೇ ಉಳಿಯಬೇಕು, ಒಗೆಯುವ ಏರ್ಪಾಡೂ ಅಲ್ಲಿಯೇ ಇರಬೇಕು, ಮನೆಗೆ ಹೊರಡುವ ಮುಂಚೆ ಅವರು ಸ್ನಾನ ಮಾಡಿರಬೇಕು. ಇದು ಕೆಲಸ ಕೊಟ್ಟವರ ಹೊಣೆಯೇ ಹೊರತು ನಿಮ್ಮದಲ್ಲ. ಆ ಏರ್ಪಾಡು ಆಗುವ ತನಕ ಬಟ್ಟೆಯನ್ನು ಮನೆಯ ಹೊರಗೇ ಬಿಚ್ಚಿಸಿ, ಕೊಡವದೆ ಚೀಲದೊಳಗೆ ಕಟ್ಟಿಡಿಸಿ. ಒಗೆಯುವ ಕೆಲಸವನ್ನು ಈ ತಿಂಗಳುಗಳಲ್ಲಿ ಅವರೇ ಮಾಡಲಿ, ಮನೆಯ ಬೇರೆ ಬಟ್ಟೆಗಳ ಜೊತೆ ಬೆರೆಸದೆ, ಮೊದಲು ನೀರಿನಲ್ಲಿ ಮುಳುಗಿಸಿ. ನಿಮ್ಮನ್ನು ನೋಡುತ್ತಿರುವ ವೈದ್ಯರಿಗೆ ಅವರ ಕೆಲಸದ ವಿಷಯವನ್ನು ಮರೆಯದೆ ತಿಳಿಸಿ.

ತೈಲಕ್ಷೇತ್ರದಲ್ಲಿ ಸ್ವತಃ ಕೆಲಸ ಮಾಡುವ ಗರ್ಭಿಣಿಯರೂ ಇಬ್ಬರು ಬರೆದಿದ್ದಾರೆ. ಗರ್ಭ ಧರಿಸಿರುವುದನ್ನು ತಿಳಿಸಿದ ದಿನದಿಂದ ಹೆರಿಗೆಯ ತನಕ ಭ್ರೂಣಕ್ಕೆ 1 ಮಿಲಿಸೀವರ್ಟ್ ಮೀರಬಾರದು ಎಂಬುದು ಅಂತರರಾಷ್ಟ್ರೀಯ ಶಿಫಾರಸು. ದೂಳು ಏಳುವ, ಟ್ಯಾಂಕು ತೆರೆಯುವ ಕೆಲಸಗಳಿಂದ ನಿಮ್ಮನ್ನು ದೂರವಿಡುವಂತೆ ಬರವಣಿಗೆಯಲ್ಲಿಯೇ ಕೇಳಿ.

ಪ್ರಶ್ನೆ: ಅನಿಲ ಸಂಸ್ಕರಣೆಯ ಘಟಕದಲ್ಲಿ ನಿರ್ವಹಣೆಯ ಎಂಜಿನಿಯರ್ ಆಗಿದ್ದೇನೆ. ಪೈಪು ಮತ್ತು ಪಂಪುಗಳ ಹೊರಗೆ ಮೀಟರ್ ಹಿಡಿದರೆ ಸುತ್ತಲಿನ ಸಹಜ ಮಟ್ಟಕ್ಕಿಂತ ಹೆಚ್ಚೇನೂ ತೋರಿಸುವುದಿಲ್ಲ. ನಮ್ಮಲ್ಲಿ ತೊಂದರೆ ಇಲ್ಲ ಎಂದು ತಿಳಿಯಬಹುದೇ?

ಉತ್ತರ: ತಿಳಿಯಬಾರದು. ಅನಿಲದ ಕಡೆಗೆ ರೇಡಿಯಂ ಬರುವುದು ಅಪರೂಪ, ಬರುವುದು ರೇಡಾನ್. ರೇಡಾನ್ ಕುದಿಯುವುದು ಸೊನ್ನೆಗಿಂತ 62 ಡಿಗ್ರಿ ಸೆಲ್ಸಿಯಸ್ ಕೆಳಗೆ. ಈಥೇನ್ 89 ಡಿಗ್ರಿ ಕೆಳಗೆ, ಪ್ರೊಪೇನ್ 42 ಡಿಗ್ರಿ ಕೆಳಗೆ ಕುದಿಯುತ್ತವೆ. ಇವೆರಡರ ನಡುವೆ ಬರುವುದರಿಂದ ಅನಿಲವನ್ನು ಬೇರ್ಪಡಿಸಿದಾಗ ರೇಡಾನ್ ಈ ಎರಡರ ಜೊತೆಗೇ ಸೇರಿಕೊಳ್ಳುತ್ತದೆ. ಅದರ ಅರ್ಧಾಯುಷ್ಯ 3.8 ದಿನ ಮಾತ್ರ, ಆದರೆ ಅದು ಸತ್ತು ಬಿಟ್ಟುಹೋಗುವ ಸೀಸ-210ರ ಅರ್ಧಾಯುಷ್ಯ 22 ವರ್ಷ. ಇದು ಪೈಪು, ಪಂಪು, ವಾಲ್ವುಗಳ ಒಳಮೈಗೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಬಳಿದುಕೊಳ್ಳುತ್ತದೆ. ಸೀಸ-210ರ ಗಾಮಾ ಕಿರಣ ತೀರ ದುರ್ಬಲ, ಉಕ್ಕಿನ ಗೋಡೆಯನ್ನು ದಾಟಿ ನಿಮ್ಮ ಮೀಟರನ್ನು ಮುಟ್ಟುವುದೇ ಇಲ್ಲ. ಅದರಿಂದ ಹುಟ್ಟುವ ಪೊಲೋನಿಯಂ-210 ಆಲ್ಫಾ ಕಣವನ್ನು ಸೂಸುತ್ತದೆ, ಅದಂತೂ ಹೊರಗೆ ಗೊತ್ತಾಗುವ ಮಾತೇ ಇಲ್ಲ.

ಆದ್ದರಿಂದ ಉಪಕರಣವನ್ನು ಬಿಚ್ಚಿದ ಮೇಲೆ ಒಳಮೈಯನ್ನು, ಒಣಗಿಸಿ, ಬೀಟಾ ಮತ್ತು ಆಲ್ಫಾಗಳನ್ನು ಹಿಡಿಯುವ ಪ್ರೋಬ್‌ನಿಂದ ಅಳೆಯಬೇಕು; ಎಣ್ಣೆ ಅಥವಾ ನೀರಿನ ತೆಳು ಪದರ ಇದ್ದರೂ ಆಲ್ಫಾ ಸಿಗುವುದಿಲ್ಲ. ಅಳೆಯುವುದಕ್ಕೆಂದು ಒಣಗಿಸಿದ ಮೈಯನ್ನು ಅಳತೆ ಮುಗಿದ ಕೂಡಲೇ ಮತ್ತೆ ಒದ್ದೆ ಮಾಡಿ. ಇದಕ್ಕೆ ವಿರುದ್ಧವಾದ ಸಂದರ್ಭವೂ ಇದೆ. ಪ್ರೊಪೇನ್ ಪಂಪು ಓಡುತ್ತಿರುವಾಗ ಹೊರಗೆಯೇ ಮೀಟರ್ ಜೋರಾಗಿ ಕೂಗುತ್ತದೆ, ನಿಲ್ಲಿಸಿ ಕೆಲವು ಗಂಟೆ ಬಿಟ್ಟರೆ ಸುಮ್ಮನಾಗುತ್ತದೆ. ರೇಡಾನ್‌ನ ಅಲ್ಪಾಯುಷಿ ಸಂತತಿ ಅಷ್ಟರಲ್ಲಿ ಕ್ಷಯಿಸಿರುತ್ತದೆ. ಅನಿಲವನ್ನು ಹೊರಹಾಕಿ, ಒಂದು ನಾಲ್ಕು ಗಂಟೆ ಕಾದು ಪಂಪು ಬಿಚ್ಚುವ ಪದ್ಧತಿ ಹೀಗೆ ಬಂದದ್ದು. ಆದರೆ ಮೀಟರ್ ಸುಮ್ಮನಾಯಿತೆಂದರೆ ಒಳಗಿನ ಸೀಸದ ಪದರ ಹೋಯಿತೆಂದು ಅಲ್ಲ.

ಪ್ರಶ್ನೆ: ತೈಲಕ್ಷೇತ್ರದಿಂದ ಬಂದ ಹಳೆಯ ಪೈಪುಗಳು ಅಗ್ಗಕ್ಕೆ ಸಿಗುತ್ತವೆ. ಬೇಲಿಗೂ ಮಕ್ಕಳ ಆಟದ ಜೋಕಾಲಿಗೂ ಬಳಸಬಹುದೇ?

ಉತ್ತರ: ಅಳೆಯದೆ ಬಳಸಬಾರದು, ಮಕ್ಕಳ ಆಟಕ್ಕಂತೂ ಅಳೆದರೂ ಬೇಡ ಎಂಬುದು ನನ್ನ ಅಭಿಪ್ರಾಯ. ಇದು ಊಹೆಯ ಮಾತಲ್ಲ. ಉತ್ತರ ಸಮುದ್ರದ ತೈಲಕ್ಷೇತ್ರಗಳಲ್ಲಿ 1981ರ ಹೊತ್ತಿಗೂ, ಅಮೆರಿಕದ ಮಿಸಿಸಿಪ್ಪಿಯಲ್ಲಿ 1986ರಲ್ಲೂ ಹಕ್ಕಳೆಯ ವಿಕಿರಣ ಗಮನಕ್ಕೆ ಬಂತು. ಆ ವೇಳೆಗೆ ಅಮೆರಿಕದಲ್ಲಿ ಅಂತಹ ಪೈಪುಗಳು ಬೇಲಿಯ ಕಂಬಗಳಾಗಿ, ಆಟದ ಮೈದಾನದ ಚೌಕಟ್ಟುಗಳಾಗಿ, ವೆಲ್ಡಿಂಗ್ ಕಲಿಸುವ ತರಗತಿಗಳ ಸಾಮಗ್ರಿಯಾಗಿ ಊರೂರು ಸೇರಿಬಿಟ್ಟಿದ್ದವು. ಅನಿಲದಲ್ಲಿ ವಿಕಿರಣಶೀಲತೆ ಇದೆಯೆಂದು ಕೆನಡಾದಲ್ಲಿ 1904ರಲ್ಲಿಯೇ ಕಂಡುಕೊಂಡಿದ್ದರು ಎಂಬುದನ್ನು ನೆನೆದಾಗ ನನಗೆ ಬೇಸರವಾಗುತ್ತದೆ. ಎಂಬತ್ತು ವರ್ಷ ಉದ್ಯಮದಲ್ಲಿ ಹೆಚ್ಚಿನವರು ಪೈಪಿನೊಳಗೆ ಮೀಟರ್ ಇಟ್ಟು ನೋಡುವ ಗೋಜಿಗೆ ಹೋಗಲಿಲ್ಲ.

ಪೈಪು ಹಾಗೆಯೇ ನಿಂತಿದ್ದರೆ ಹೊರಬರುವುದು ಗಾಮಾ ಕಿರಣ ಮಾತ್ರ, ಅದು ಸಾಮಾನ್ಯವಾಗಿ ಕಡಿಮೆ. ಕತ್ತರಿಸಿದಾಗ, ಬೆಸೆದಾಗ, ತುದಿಯಿಂದ ಹಕ್ಕಳೆ ಉದುರಿ ಮಣ್ಣು ಸೇರಿದಾಗ ಸಮಸ್ಯೆ ದೊಡ್ಡದಾಗುತ್ತದೆ. ಪೈಪುಗಳನ್ನು ಶುಚಿಗೊಳಿಸುತ್ತಿದ್ದ ಜಾಗಗಳ ಕಥೆ ಇದಕ್ಕೆ ಸಾಕ್ಷಿ. ಲೂಸಿಯಾನಾದ ಹಾರ್ವೆ ಎಂಬಲ್ಲಿ ಹಾಗೆ ಬಾಡಿಗೆಗೆ ಹೋಗಿದ್ದ ಜಮೀನು ರೇಡಿಯಂನಿಂದ ಕೆಟ್ಟುಹೋಯಿತೆಂದು ಮಾಲೀಕರು ಹೂಡಿದ ದಾವೆಯಲ್ಲಿ 2001ರಲ್ಲಿ ಜ್ಯೂರಿ 100 ಕೋಟಿ ಡಾಲರಿಗೂ ಮೀರಿದ ಪರಿಹಾರವನ್ನು ಹೇಳಿತು. ಮೇಲ್ಮನವಿಯಲ್ಲಿ ಆ ಮೊತ್ತ ಬಹಳ ಇಳಿಯಿತು. ಅಂತಹ ಮಣ್ಣಿನ ಮೇಲೆ ಮನೆ ಕಟ್ಟಿದರೆ ರೇಡಾನ್ ನೆಲದ ಬಿರುಕುಗಳಿಂದ ಕೋಣೆಯೊಳಗೆ ಸೇರುತ್ತದೆ. ಹಳೆಯ ಪೈಪನ್ನು ಗುಜರಿಗೆ ಹಾಕುವುದೂ ಪರಿಹಾರವಲ್ಲ. ಕರಗಿಸಿದಾಗ ರೇಡಿಯಂ ಕಿಟ್ಟದಲ್ಲಿ ಉಳಿಯುತ್ತದೆ, ಸೀಸ ಮತ್ತು ಪೊಲೋನಿಯಂ ಹೊಗೆಯ ಜೊತೆ ಕುಲುಮೆಯವರ ಉಸಿರಿಗೆ ಏಳುತ್ತವೆ.

ಪ್ರಶ್ನೆ: ವಾಹನಕ್ಕೆ ಹಾಕುವ ಪೆಟ್ರೋಲಿನಲ್ಲಿ, ಅಡುಗೆ ಅನಿಲದಲ್ಲಿ ಈ ರೇಡಿಯಂ ಇರುತ್ತದೆಯೇ?

ಉತ್ತರ: ರೇಡಿಯಂ ನೀರಿನ ಜೊತೆ ಹೋಗುತ್ತದೆಯೇ ಹೊರತು ಎಣ್ಣೆಯ ಜೊತೆ ಅಲ್ಲ. ಪೆಟ್ರೋಲಿನ ಬಗ್ಗೆ ಚಿಂತೆ ಬೇಡ. ಅಡುಗೆ ಅನಿಲಕ್ಕೆ ಸ್ವಲ್ಪ ರೇಡಾನ್ ಸೇರಬಹುದು, ಆದರೆ ಅದು ನಾಲ್ಕು ದಿನಕ್ಕೊಮ್ಮೆ ಅರ್ಧಕ್ಕಿಳಿಯುವುದರಿಂದ ದಾಸ್ತಾನು, ಸಾಗಣೆ ಎಂದು ವಾರಗಳು ಕಳೆದು ಒಲೆಗೆ ಬರುವಷ್ಟರಲ್ಲಿ ಉಳಿಯುವುದು ನಗಣ್ಯ.

ಪ್ರಶ್ನೆ: ತೈಲಬಾವಿಯ ಉಪ್ಪುನೀರನ್ನು ರಸ್ತೆಯ ದೂಳು ಅಡಗಿಸಲು ಚಿಮುಕಿಸುತ್ತಾರೆಂದು ಕೇಳಿದ್ದೇನೆ. ಆ ನೀರು ನಮ್ಮ ಕುಡಿಯುವ ನೀರಿಗೆ ಇಳಿದರೆ?

ಉತ್ತರ: ಅಮೆರಿಕದ ಒಹಾಯೊ, ಪೆನ್ಸಿಲ್ವೇನಿಯಾಗಳಲ್ಲಿ ಹೀಗೆ ಚಿಮುಕಿಸುವುದು ವಾಡಿಕೆಯಾಗಿತ್ತು, ಹಿಮ ಕರಗಿಸುವುದಕ್ಕೂ ಬಳಸುತ್ತಿದ್ದರು. ಪೆನ್ಸಿಲ್ವೇನಿಯಾದ ಮಾರ್ಸೆಲಸ್ ಪದರದ ಅನಿಲ ಬಾವಿಗಳ ನೀರನ್ನು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ 2011ರಲ್ಲಿ ಪರಿಶೀಲಿಸಿದಾಗ ರೇಡಿಯಂನ ಮಧ್ಯಾಂಕ ಲೀಟರಿಗೆ 2,460 ಪಿಕೋಕ್ಯೂರಿ ಬಂತು (ಒಂದು ಪಿಕೋಕ್ಯೂರಿ ಎಂದರೆ 0.037 ಬೆಕ್ವೆರಲ್). ಕುಡಿಯುವ ನೀರಿಗೆ ಆ ದೇಶದ ಮಿತಿ ಲೀಟರಿಗೆ 5 ಪಿಕೋಕ್ಯೂರಿ. ಅದೇ ರಾಜ್ಯದ ಬ್ಲ್ಯಾಕ್‌ಲಿಕ್ ಎಂಬ ತೊರೆಗೆ ಇಂತಹ ನೀರನ್ನು ಸಂಸ್ಕರಿಸಿ ಬಿಡುತ್ತಿದ್ದ ಕಡೆಯಲ್ಲಿ, ಹೊರಬರುವ ನೀರಿನಲ್ಲಿ ರೇಡಿಯಂ ಬಹಳ ಕಡಿಮೆಯಾಗಿತ್ತು; ಆದರೂ ತಳದ ಹೂಳಿನಲ್ಲಿ ಅದು ಮೇಲ್ಹರಿವಿನದ್ದಕ್ಕಿಂತ ಸುಮಾರು 200 ಪಟ್ಟು ಸೇರಿತ್ತೆಂದು 2013ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಸಂಸ್ಕರಣೆ ರೇಡಿಯಂ ಅನ್ನು ಸುಟ್ಟುಹಾಕುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ನೀರಿನಿಂದ ತೆಗೆದದ್ದು ಕೆಸರಿನಲ್ಲಿ ಇನ್ನಷ್ಟು ದಟ್ಟವಾಗಿ ಕುಳಿತಿರುತ್ತದೆ.

ತೈಲಕ್ಷೇತ್ರದ ಬಳಿ ನಿಮ್ಮ ಬಾವಿಯ ನೀರು ಏಕಾಏಕಿ ಉಪ್ಪಾದರೆ ಕ್ಲೋರೈಡ್, ಬೇರಿಯಂ, ಬ್ರೋಮೈಡ್‌ಗಳನ್ನು ಮೊದಲು ಪರೀಕ್ಷಿಸಿ. ಅವು ಏರಿದ್ದರೆ ರೇಡಿಯಂ ಪರೀಕ್ಷೆಯನ್ನೂ ಮಾಡಿಸಿ. ಕುದಿಸುವುದರಿಂದ ರೇಡಿಯಂ ಹೋಗದು, ನೀರು ಇಂಗಿ ಇನ್ನೂ ಹೆಚ್ಚಾಗುತ್ತದೆ. ರಿವರ್ಸ್ ಆಸ್ಮೋಸಿಸ್ ಮತ್ತು ಗಡಸುತನ ತೆಗೆಯುವ ಅಯಾನ್ ವಿನಿಮಯದ ಉಪಕರಣ ಎರಡೂ ಅದನ್ನು ಚೆನ್ನಾಗಿ ತೆಗೆಯುತ್ತವೆ.

ಪ್ರಶ್ನೆ: ಅರ್ಧಾಯುಷ್ಯವೇ 1600 ವರ್ಷವಾದರೆ ಈ ತ್ಯಾಜ್ಯವನ್ನು ಕೊನೆಗೆ ಎಲ್ಲಿ ಹಾಕುತ್ತಾರೆ? ಕಾನೂನು ಏನು ಹೇಳುತ್ತದೆ?

ಉತ್ತರ: ಉಪ್ಪುನೀರಿನ ಬಹುಪಾಲನ್ನು ಅದು ಬಂದ ಆಳಕ್ಕೇ ಮತ್ತೆ ಒತ್ತುತ್ತಾರೆ, ಸಮುದ್ರದ ನಡುವಿನ ಬಾವಿಗಳಲ್ಲಿ ಎಣ್ಣೆ ತೆಗೆದು ಸಮುದ್ರಕ್ಕೆ ಬಿಡುವುದೂ ಇದೆ. ಹಕ್ಕಳೆ ಮತ್ತು ಕೆಸರನ್ನು ಮುಚ್ಚಿದ ಹಳೆಯ ಬಾವಿಗಳೊಳಗೆ ಇಳಿಸಿ ಸಿಮೆಂಟಿನಿಂದ ಬಿಗಿಯುವುದು, ಆಳದ ಉಪ್ಪಿನ ಗುಹೆಗಳಲ್ಲಿ ತುಂಬುವುದು, ವಿಶೇಷವಾಗಿ ಕಟ್ಟಿದ ತ್ಯಾಜ್ಯದ ಗುಂಡಿಯಲ್ಲಿ ಹೂಳುವುದು ರೂಢಿಯಲ್ಲಿರುವ ದಾರಿಗಳು. ನಾರ್ವೆ ದೇಶ ತನ್ನ ಪಶ್ಚಿಮ ಕರಾವಳಿಯ ಗುಲೆನ್ ಎಂಬಲ್ಲಿ ಬಂಡೆ ಕೊರೆದು ಇದಕ್ಕೆಂದೇ ಒಂದು ಶಾಶ್ವತ ಠೇವಣಿ ಸ್ಥಳವನ್ನು 2008ರಿಂದ ನಡೆಸುತ್ತಿದೆ. ಮಾಡಲು ಮನಸ್ಸಿದ್ದರೆ ದಾರಿ ಇದೆ ಎಂಬುದಕ್ಕೆ ನಾನು ಅದನ್ನೇ ತೋರಿಸುತ್ತೇನೆ.

ಯುರೇನಿಯಂ ಮತ್ತು ಥೋರಿಯಂ ಸರಣಿಯ ಧಾತುಗಳು ಗ್ರಾಂಗೆ 1 ಬೆಕ್ವೆರಲ್ ಮೀರಿದರೆ ನಿಯಂತ್ರಣದ ಅಗತ್ಯವನ್ನು ಪರಿಶೀಲಿಸಬೇಕು ಎಂಬುದು ಅಂತರರಾಷ್ಟ್ರೀಯ ಮಾನದಂಡ. ಯುರೋಪಿಯನ್ ಒಕ್ಕೂಟ 2013ರ ನಿರ್ದೇಶನದಲ್ಲಿ ತೈಲ ಮತ್ತು ಅನಿಲ ಉದ್ಯಮವನ್ನು ಈ ಲೆಕ್ಕಕ್ಕೆ ತಂದಿದೆ. ಅಮೆರಿಕದಲ್ಲಿ ಮಾತ್ರ ತೈಲ ತೆಗೆಯುವಾಗ ಹುಟ್ಟುವ ತ್ಯಾಜ್ಯಕ್ಕೆ 1980ರಲ್ಲಿ ಅಪಾಯಕಾರಿ ತ್ಯಾಜ್ಯದ ಕುರಿತ ಕೇಂದ್ರ ಸರ್ಕಾರದ ಕಾನೂನಿನಿಂದ ವಿನಾಯಿತಿ ಸಿಕ್ಕಿತು, ರೇಡಿಯಂನ ನಿಯಂತ್ರಣ ರಾಜ್ಯಗಳ ಪಾಲಿಗೆ ಬಿತ್ತು, ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆಯಾಯಿತು. ಅದರ ಪರಿಣಾಮವನ್ನು 2014ರಲ್ಲಿ ನಾರ್ತ್ ಡಕೋಟದಲ್ಲಿ ಕಂಡರು: ಉಪ್ಪುನೀರು ಸೋಸಿದ, ರೇಡಿಯಂ ಹಿಡಿದ ಫಿಲ್ಟರ್ ಚೀಲಗಳು ನೂನನ್ ಎಂಬ ಪುಟ್ಟ ಊರಿನ ಪಾಳುಬಿದ್ದ ಪೆಟ್ರೋಲ್ ಬಂಕಿನೊಳಗೆ ಕಸದ ಚೀಲಗಳಲ್ಲಿ ರಾಶಿಯಾಗಿ ಬಿದ್ದಿದ್ದವು. ಅಂತಹ ತ್ಯಾಜ್ಯವನ್ನು ಸ್ವೀಕರಿಸುವ ಜಾಗ ಆಗ ಆ ರಾಜ್ಯದಲ್ಲಿ ಇರಲಿಲ್ಲ. ಜಾಗ ಕೊಡದೆ ಬರೀ ಮಿತಿಯನ್ನು ಹೇಳುವ ನಿಯಮ ಕಳ್ಳದಾರಿಯನ್ನು ತೆರೆಯುತ್ತದೆ.

ಪ್ರಶ್ನೆ: ಇಪ್ಪತ್ತೆರಡು ವರ್ಷ ಪೈಪ್ ಯಾರ್ಡಿನಲ್ಲಿ ಹಕ್ಕಳೆ ತೆಗೆಯುವ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ಆಗ ಮಾಸ್ಕ್ ಇರಲಿಲ್ಲ, ವಿಕಿರಣದ ಮಾತನ್ನು ಯಾರೂ ಎತ್ತಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದೆ, ಎಲ್ಲ ಸರಿ ಇದೆಯಂತೆ. ನಾನು ನಿಶ್ಚಿಂತೆಯಿಂದ ಇರಬಹುದೇ?

ಉತ್ತರ: ಹಿರಿಯರೇ, ರಕ್ತ ಪರೀಕ್ಷೆ ಸರಿಯಿರುವುದು ಒಳ್ಳೆಯ ಸುದ್ದಿ, ಆದರೆ ನೀವು ಕೇಳುತ್ತಿರುವ ಪ್ರಶ್ನೆಗೆ ಅದು ಉತ್ತರವಲ್ಲ. ಒಮ್ಮೆಲೇ ಬಹಳ ದೊಡ್ಡ ಡೋಸ್ ಬಿದ್ದರೆ ಮಾತ್ರ ರಕ್ತಕಣಗಳ ಎಣಿಕೆ ಇಳಿಯುತ್ತದೆ. ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಬಿದ್ದದ್ದು ಅದರಲ್ಲಿ ಕಾಣುವುದಿಲ್ಲ. ದೇಹದೊಳಗೆ ಉಳಿದಿರುವ ರೇಡಿಯಂ ತಿಳಿಯಬೇಕಾದರೆ ಮೂತ್ರದಲ್ಲಿ ರೇಡಿಯಂ ಅಳೆಯುವ ಪರೀಕ್ಷೆ, ದೇಹದಿಂದ ಹೊರಬರುವ ಗಾಮಾ ಕಿರಣಗಳನ್ನು ಎಣಿಸುವ ಹೋಲ್ ಬಾಡಿ ಕೌಂಟರ್ ಇವು ಬೇಕು, ಇವನ್ನು ವಿಕಿರಣ ಸುರಕ್ಷತೆಯ ಪ್ರಯೋಗಾಲಯಗಳಲ್ಲಿ ಮಾಡುತ್ತಾರೆ.

ಅಪಾಯದ ಗಾತ್ರದ ಒಂದು ಅಂದಾಜನ್ನು ಹೇಳುತ್ತೇನೆ. ವಿಕಿರಣ ಸಂರಕ್ಷಣೆಯಲ್ಲಿ ಬಳಸುವ ಲೆಕ್ಕದಂತೆ 1 ಸೀವರ್ಟ್‌ಗೆ ಜೀವಮಾನದಲ್ಲಿ ಕ್ಯಾನ್ಸರಿನಿಂದ ಸಾಯುವ ಅಪಾಯ ಶೇ 5ರಷ್ಟು ಏರುತ್ತದೆ, ಅಂದರೆ 1 ಮಿಲಿಸೀವರ್ಟ್‌ಗೆ 20,000 ಮಂದಿಯಲ್ಲಿ ಒಬ್ಬರು. ವರ್ಷಕ್ಕೆ 5 ಮಿಲಿಸೀವರ್ಟ್‌ನಂತೆ ಇಪ್ಪತ್ತೆರಡು ವರ್ಷ ಹಿಡಿದರೆ ಒಟ್ಟು 110, ಎಂದರೆ ಸುಮಾರು 180 ಮಂದಿಯಲ್ಲಿ ಒಬ್ಬರು. ಈ ವಿಕಿರಣದಿಂದ ನಿಮಗೆ ಕ್ಯಾನ್ಸರ್ ಬರದೇ ಇರುವ ಸಾಧ್ಯತೆಯೇ ಬಹಳ ಹೆಚ್ಚು ಎಂಬುದನ್ನು ಇದರಿಂದ ನೀವೇ ನೋಡಬಹುದು. ಆದರೆ ಒಂದು ಯಾರ್ಡಿನಲ್ಲಿ ದುಡಿದ ನೂರಾರು ಜನರನ್ನು ಒಟ್ಟಿಗೆ ನೋಡಿದಾಗ ಇದು ಸಣ್ಣ ಸಂಖ್ಯೆಯಲ್ಲ, ಅಳತೆಯೇ ಇಲ್ಲದ ಕಡೆ ನಿಜವಾದ ಡೋಸ್ ಇದಕ್ಕಿಂತ ಕಡಿಮೆಯೂ ಇರಬಹುದು, ಹೆಚ್ಚೂ ಇರಬಹುದು.

ಧೂಮಪಾನ ಮಾಡುತ್ತಿದ್ದರೆ ಇಂದೇ ಬಿಡಿ. ರೇಡಾನ್ ಮತ್ತು ತಂಬಾಕು ಸೇರಿದಾಗ ಶ್ವಾಸಕೋಶದ ಮೇಲಿನ ಅಪಾಯ ಎರಡನ್ನು ಕೂಡಿದಷ್ಟಕ್ಕೆ ನಿಲ್ಲುವುದಿಲ್ಲ, ಅದಕ್ಕಿಂತ ಬಹಳ ಮೇಲೇರುತ್ತದೆ. ವಾರಗಟ್ಟಲೆ ಬಿಡದ ಕೆಮ್ಮು, ಕಫದಲ್ಲಿ ರಕ್ತ, ರಾತ್ರಿ ಎಬ್ಬಿಸುವ ಮೂಳೆನೋವು, ಒಂದೇ ಕಡೆಯ ಮೂಗು ಕಟ್ಟಿ ರಕ್ತ ಬರುವುದು ಇವುಗಳಲ್ಲಿ ಯಾವುದು ಕಂಡರೂ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬೇಡಿ. ವಿಕಿರಣದಿಂದ ಬರುವ ಗಡ್ಡೆಗಳು ಹತ್ತು ವರ್ಷ ಅಥವಾ ಅದಕ್ಕೂ ತಡವಾಗಿ ಕಾಣಿಸಿಕೊಳ್ಳುವುದರಿಂದ ವೈದ್ಯರಿಗೆ ನಿಮ್ಮ ಹಳೆಯ ಕೆಲಸದ ನೆನಪು ತಾನಾಗಿ ಬರಲಾರದು. ಆದ್ದರಿಂದ ಈ ವಾರವೇ ಒಂದು ಹಾಳೆಯಲ್ಲಿ ಬರೆದಿಡಿ: ಯಾವ ವರ್ಷದಿಂದ ಯಾವ ವರ್ಷದವರೆಗೆ, ದಿನಕ್ಕೆ ಎಷ್ಟು ಗಂಟೆ, ಒಣಗಿದ ಹಕ್ಕಳೆಯೋ ಒದ್ದೆಯದ್ದೋ, ಒಳಾಂಗಣವೋ ಬಯಲೋ, ಜೊತೆಗೆ ದುಡಿದವರು ಯಾರು. ಹಳೆಯ ಕಚೇರಿಗೆ ಡೋಸ್ ದಾಖಲೆಯನ್ನೋ, ಅಂದಿನ ಅಳತೆಗಳನ್ನೋ ಕೇಳಿ ಪತ್ರ ಬರೆಯಿರಿ, ಇಲ್ಲ ಎಂದು ಉತ್ತರ ಬಂದರೆ ಆ ಉತ್ತರವನ್ನೂ ಜೋಪಾನ ಮಾಡಿ. ಈ ಹಾಳೆಯ ಒಂದು ಪ್ರತಿ ನಿಮ್ಮ ವೈದ್ಯರ ಕಡತದಲ್ಲಿರಲಿ, ಇನ್ನೊಂದು ಮನೆಯವರ ಕೈಗೆ ಸಿಗುವ ಕಡೆ ಇರಲಿ.